ನಕ್ಷೆಯಲ್ಲಿ ಓಡುವ ಚುಕ್ಕಿ

ಅಂಗಡಿಯಲ್ಲಿ ಕೂತು ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದಾ? ಅದಾ? ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ?" ಎಂದು ಕೇಳುವ ಕನ್ನಡಕದವರಿಗೆ, ತಮ್ಮ ಪಾಲಿಗೆ ಬಂದ ಒಂದೇ ಒಂದು ಆಯ್ಕೆ ಬಗೆಹರಿಯಲಿಲ್ಲ. ಹೆಂಡತಿಯ ಕಾರಿಗೆ ಯಾವ ಹವ್ಯಾಸಿ ರೇಡಿಯೋ, ಅಂದರೆ ಮೈಕು ಒತ್ತಿ ಮಾತಾಡುವ ಹ್ಯಾಮ್ ಸೆಟ್ಟು, ಹಾಕಿಸಬೇಕು? ಮಾತಾಡುವುದಕ್ಕೊಂದು, ಕಾರು ಎಲ್ಲಿದೆಯೆಂದು ತಾನಾಗಿಯೇ ತಿಳಿಸುತ್ತಿರುವುದಕ್ಕೊಂದು, ಹೀಗೆ ಎರಡು ಸೆಟ್ಟೇ? ಎರಡೂ ಕೆಲಸಕ್ಕೆ ಒಂದೇ ಸೆಟ್ಟೇ? ಆಂಟೆನಾ ಅಯಸ್ಕಾಂತದಿಂದ ಅಂಟಿಕೊಳ್ಳುವುದೇ, ಕಾರಿನ ತಲೆಗೆ ತೂತು ಕೊರೆದು ಕೂರಿಸುವುದೇ? ಚಳಿಗಾಲ ಹೋಗಿ ಬೇಸಿಗೆ ಬಂದರೂ ಅವರ ಊಟದ ತಟ್ಟೆಯ ಪಕ್ಕದಿಂದ ಕ್ಯಾಟಲಾಗು ಮಾತ್ರ ಏಳಲಿಲ್ಲ.

ರೇಡಿಯೋ ಸಂಘದವರನ್ನು ಕೇಳಿ ತಲೆ ಇನ್ನಷ್ಟು ಕೆಟ್ಟಿತು. ಸಂಘದಲ್ಲಿ ಎಷ್ಟು ಸದಸ್ಯರೋ ಅದಕ್ಕಿಂತ ಒಂದು ಹೆಚ್ಚು ಅಭಿಪ್ರಾಯ. ಆ ಹೆಚ್ಚಿನದು ಅಧ್ಯಕ್ಷರದು; ಅವರು ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತಿದ್ದರು.

ಕಾರು ಹೆಂಡತಿಯದು ಎಂದೆನಲ್ಲ, ಅದು ಬರೀ ಕಾರಲ್ಲ, ಆಕೆಯ ಅನ್ನ. ಆಕೆ ನಡೆಸುವುದು ಡ್ರೈವಿಂಗ್ ಶಾಲೆ. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಆಕೆ ಕೈಚೆಲ್ಲಿದ್ದು ಒಬ್ಬನೇ ಶಿಷ್ಯನ ಮುಂದೆ, ಅದು ಗಂಡ. ಬ್ರೇಕ್ ಎಂದರೆ ಆ ಪುಣ್ಯಾತ್ಮರ ಕಾಲು ಕ್ಲಚ್ಚಿಗೆ ಹೋಗುತ್ತಿತ್ತು.

"ತೂತು ಕೊರೆದರೆ ಮನೆ ಮೆಟ್ಟಿಲು ಹತ್ತಬೇಡಿ," ಎಂದಳು. ಆಂಟೆನಾದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

"ಇನ್ನು ಮೇಲೆ ಕಾರು ಎಲ್ಲಿದೆ ಅಂತ ನೀನು ಯೋಚನೆ ಮಾಡೋದೇ ಬೇಡ ಕಣೇ. ನಕ್ಷೆ ನೋಡಿದರೆ ಸಾಕು."

"ಕಾರು ಎಲ್ಲಿದೆ ಅಂತ ನನಗೆ ಗೊತ್ತೇ ಇರುತ್ತೆ ರೀ. ನಾನೇ ಅದರೊಳಗೆ ಕೂತಿರ್ತೀನಿ. ಗೊತ್ತಾಗದೆ ಇರೋದು ನೀವು ಎಲ್ಲಿದ್ದೀರ ಅನ್ನೋದು. ಫೋನ್ ಮಾಡಿ ಕೇಳಿದರೆ 'ಇಲ್ಲೇ' ಅಂತೀರ. ಬಾಯಿ ಬಿಟ್ಟು ಹೇಳೋಕೆ ಏನು ಕಷ್ಟ?"

ಅಷ್ಟರಲ್ಲಿ ಬೆಟ್ಟದ ಸೈಕಲ್ ಸ್ಪರ್ಧೆ ಬಂತು. ಬೆಟ್ಟದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಸುದ್ದಿ ಮುಟ್ಟಿಸುವ ಹೊಣೆ ಸಂಘದ್ದಾಯಿತು. ಕೊನೆಯ ಸವಾರನ ಹಿಂದೆ ಹೋಗುವ ಕಾರು ಕನ್ನಡಕದವರಿಗೆ ಸಿಕ್ಕಿತು. ಕೊನೆಯ ಸವಾರ ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ: ಹೊಟ್ಟೆ ಕರಗಿಸಲೆಂದು ಹೊಸದಾಗಿ ಸೈಕಲ್ ಹತ್ತಿದ್ದ ಹೆಂಡತಿಯ ತಮ್ಮ. ಆದರೆ ಕನ್ನಡಕದವರ ಮನಸ್ಸೆಲ್ಲ ಗುರಿಯ ಬಳಿ ನಿಲ್ಲಿಸುವ ದೊಡ್ಡ ಪರದೆಯ ಮೇಲಿತ್ತು. ಅದರಲ್ಲಿ ಬೆಟ್ಟದ ನಕ್ಷೆ, ನಕ್ಷೆಯಲ್ಲಿ ಒಂದೊಂದು ಕಾರಿಗೆ ಒಂದೊಂದು ಚುಕ್ಕಿ. ಇಡೀ ಊರು ನೋಡುತ್ತದೆ.

ಕೊನೆಗೂ ಒಂದೇ ಸೆಟ್ಟು ಕೊಂಡು, ಅದಕ್ಕೆ ಸ್ಥಾನ ತಿಳಿಸುವ ಪುಟ್ಟ ಪೆಟ್ಟಿಗೆ ಜೋಡಿಸಿದರು. ಪೆಟ್ಟಿಗೆ ಸ್ಥಾನ ಕಳಿಸುವಷ್ಟು ಹೊತ್ತು ಮೈಕು ಬಂದ್ ಆಗುತ್ತಿತ್ತು.

"ಎರಡು ನಿಮಿಷಕ್ಕೊಂದು ಸಲ ಕಳಿಸಿದರೆ ಧಾರಾಳ," ಎಂದರು ಅಧ್ಯಕ್ಷರು.

ಹಾಗೆ ಮಾಡಿದರೆ ಚುಕ್ಕಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದಲ್ಲ! ತಮ್ಮ ಚುಕ್ಕಿ ಸರಾಗವಾಗಿ ಹರಿಯಬೇಕು, ನೋಡಿದವರು ಹುಬ್ಬೇರಿಸಬೇಕು. ಕನ್ನಡಕದವರು ಯಾರಿಗೂ ಹೇಳದೆ ಅದನ್ನು ಕ್ಷಣಕ್ಷಣಕ್ಕೂ ಕಳಿಸುವಂತೆ ತಿರುಗಿಸಿಟ್ಟರು. ಪೂರ್ವಾಭ್ಯಾಸದ ದಿನ ದಾರಿಯುದ್ದಕ್ಕೂ ಹೆಂಡತಿಯಿಂದ ಮತ್ತೆ ಮತ್ತೆ ಕಾರು ನಿಲ್ಲಿಸಿಸಿ ತಂತಿ ಅಲ್ಲಾಡಿಸಿದ್ದೂ ಆಯಿತು.

ಸ್ಪರ್ಧೆಯ ದಿನ ಹೆಂಡತಿ ಕಾರು ಓಡಿಸಿದಳು. ಕನ್ನಡಕದವರು ಮೈಕು ಹಿಡಿದು, ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ತಮ್ಮದೇ ಚುಕ್ಕಿಯನ್ನು ನೋಡುತ್ತಾ ಕೂತರು. ಇಳಿಜಾರಿನ ಒಂದು ತಿರುವಿನಲ್ಲಿ ಮುಂದೆ ಹೋಗುತ್ತಿದ್ದ ಸೈಕಲ್ ಮರಳಿನ ಮೇಲೆ ಜಾರಿ ಚರಂಡಿಗೆ ಬಿತ್ತು. ಹೆಂಡತಿ ಗಕ್ಕನೆ ಬ್ರೇಕ್ ಹಾಕಿ ಓಡಿದಳು. ತಮ್ಮನ ಕೈ ಮಡಚಬಾರದ ಕಡೆ ಮಡಚಿತ್ತು, ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಕಣ್ಣು ಬಿಡೋ! ಮಾತಾಡೋ!" ಅವನು ಮಾತಾಡಲಿಲ್ಲ. "ರೀ, ಆಂಬುಲೆನ್ಸ್ ಕರೀರಿ!"

ಕನ್ನಡಕದವರು ಮೈಕು ಒತ್ತಿದರು. "ನಮ್ಮ ಸವಾರ ಬಿ..." ಪೆಟ್ಟಿಗೆ ಕೀಚ್ ಎಂದಿತು. "ಆಂಬು..." ಮತ್ತೆ ಕೀಚ್.

"ತುಂಡು ತುಂಡಾಗಿ ಕೇಳಿಸ್ತಿದೆ," ಎಂದಿತು ಅಧ್ಯಕ್ಷರ ಸಂತೋಷದ ದನಿ. "ಆದರೆ ನಿಮ್ಮ ಚುಕ್ಕಿ ಅದ್ಭುತ ಕಣ್ರೀ, ಜನ ಬಾಯಿ ಬಿಟ್ಕೊಂಡು ನೋಡ್ತಿದ್ದಾರೆ! ನಿಂತಿದ್ದೀರಲ್ಲ, ತಂತಿ ಸರಿ ಮಾಡ್ಕೊಳ್ಳಿ. ಏನೂ ಅವಸರ ಇಲ್ಲ."

ಹೆಂಡತಿ ಓಡಿಬಂದಳು. ಅವಳ ಕೈಗೆ ತಮ್ಮನ ರಕ್ತ ಮೆತ್ತಿತ್ತು. "ಆ ಪೆಟ್ಟಿಗೆ ಕಿತ್ತು ಬಿಸಾಕಿ."

"ಕಿತ್ತರೆ ಚುಕ್ಕಿ ಹೋಗುತ್ತಲ್ಲ, ಎಲ್ಲರೂ ನೋಡ್ತಿದ್ದಾರೆ..." ಅಂದದ್ದೇ ತಡ, ಕನ್ನಡಕದವರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಆಕೆ ಕಿರುಚಲಿಲ್ಲ. ಗಂಡ ಅಂಗಡಿಯಲ್ಲಿ ಕೇಳುವ ಹಾಗೆಯೇ ಕೇಳಿದಳು: "ಇದಾ? ಅದಾ?"

ಅವರು ತಂತಿ ಕಿತ್ತರು. ಈಗ ಮಾತು ಗಂಟೆ ಹೊಡೆದ ಹಾಗೆ ಹೋಯಿತು. ಅಧ್ಯಕ್ಷರ ದನಿಯಿಂದ ಸಂತೋಷ ಇಳಿಯಿತು. "ಆಂಬುಲೆನ್ಸ್ ಹೊರಟಿದೆ. ಎಲ್ಲಿದ್ದೀರ ಹೇಳಿ? ನಿಮ್ಮ ಚುಕ್ಕಿ ಅಳಿಸಿಹೋಯ್ತು." ಸುಮ್ಮನಾದ ಚುಕ್ಕಿ ತಕ್ಷಣ ಅಳಿಸಿಹೋಗುವಂತೆ ಅಧ್ಯಕ್ಷರೇ ಮಾಡಿಸಿದ್ದರು, ಪರದೆ ಚೊಕ್ಕಟವಾಗಿರಲಿ ಎಂದು.

ಕನ್ನಡಕದವರು ಪೆಟ್ಟಿಗೆಯ ಪುಟ್ಟ ಪರದೆ ನೋಡಿದರು, ತಂತಿ ಕಿತ್ತೊಡನೆ ಅದೂ ಆರಿತ್ತು. ಮೊದಲ ಸಲ ತಲೆಯೆತ್ತಿ ನೋಡಿದರು. ಬಂಡೆ, ರಸ್ತೆ, ಗಿಡ. ಯಾವ ತಿರುವು? ದಾರಿಯುದ್ದಕ್ಕೂ ಅವರು ನೋಡಿದ್ದು ಚುಕ್ಕಿಯನ್ನು ಮಾತ್ರ. ಹೆಂಡತಿ ಮೈಕಿಗೆ ಕೈ ಚಾಚಿದಳು.

"ರೇಡಿಯೋದಲ್ಲಿ ಮಾತಾಡೋಕೆ ನಿನಗೆ ಲೈಸೆನ್ಸ್ ಇಲ್ಲ," ಎಂದುಬಿಟ್ಟರು, ಅಭ್ಯಾಸಬಲ.

"ನಾನು ಹೇಳಿದ್ದನ್ನ ನೀವೇ ಹೇಳಿ ಹಾಗಾದರೆ. ನೀರಿನ ಟ್ಯಾಂಕ್ ದಾಟಿ ಎರಡನೇ ತಿರುವು. ನನ್ನ ಹುಡುಗರು ಗಾಡಿ ಆಫ್ ಮಾಡಿಕೊಳ್ಳೋ ಜಾಗ."

ಅವರು ಗಿಳಿಯ ಹಾಗೆ ಅಷ್ಟನ್ನೂ ಒಪ್ಪಿಸಿದರು, "ನನ್ನ ಹುಡುಗರು" ಎಂಬುದನ್ನೂ ಬಿಡದೆ. ಆಂಬುಲೆನ್ಸ್ ಚಾಲಕನಿಗೆ ಅಷ್ಟು ಸಾಕಾಯಿತು. ಅವನೂ ಒಂದು ಕಾಲಕ್ಕೆ ಅದೇ ತಿರುವಿನಲ್ಲಿ ಗಾಡಿ ಆಫ್ ಮಾಡಿಕೊಂಡು ಆಕೆಯಿಂದ ಬೈಸಿಕೊಂಡವನು.

ತಮ್ಮ ಕಣ್ಣು ಬಿಟ್ಟ, ಕೈಗೆ ಪಟ್ಟಿ ಬಿತ್ತು. ಸಂಘದವರು ಸಭೆ ಮಾಡಿ, ಅತ್ಯುತ್ತಮ ಚುಕ್ಕಿಗೆಂದು ಕನ್ನಡಕದವರಿಗೆ ಫಲಕ ಕೊಟ್ಟರು. ಅವರು ಅದನ್ನು ಅಂಗಡಿಗೆ ತಂದು, ಒಡೆದ ಫ್ರೇಮುಗಳ ಡಬ್ಬದೊಳಗೆ ಮುಖ ಕೆಳಗೆ ಮಾಡಿ ಇಟ್ಟರು.

ಆ ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಎಲ್ಲಿದ್ದೀರ?"

"ಇಲ್..." ಎಂದವರು ತಡೆದು, ಸುತ್ತ ನೋಡಿದರು. "ಅಂಗಡೀಲಿ. ಬಾಗಿಲ ಪಕ್ಕದ ಸ್ಟೂಲ್ ಮೇಲೆ. ಎದುರುಗಡೆ ಕೈಗೆ ಬ್ಯಾಂಡೇಜ್ ಸುತ್ತಿಸ್ಕೊಂಡಿದ್ದ ಒಬ್ಬರು ನಡ್ಕೊಂಡು ಹೋದರು, ನಿನ್ನ ತಮ್ಮನ ನೆನಪಾಯ್ತು. ಅವನ ಕೈ ಹೇಗಿದೆ? ಅವತ್ತು ನಾನು ತಪ್ಪು ಮಾಡಿದೆ ಕಣೇ."

ಕನ್ನಡಕದವರು ಫೋನನ್ನು ಕಿವಿಗೆ ಒತ್ತಿಕೊಂಡರು. "ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದಳು ಆಕೆ. "ಇನ್ನೂ ಹೇಳಿ."