ಎಕ್ಸ್‌ಗೆ ಐದು ವರ್ಷ ಸೇರಿಸಿ

೧
ಲೆಕ್ಕದಿಂದ ಶುರು ಮಾಡಲೋ, ಭಯದಿಂದಲೋ? ಲೆಕ್ಕ ಅಂದರೆ ನೀವು ಪುಟ ಮಗುಚಿ ಓಡುತ್ತೀರಿ (ನಾನೂ ಹಾಗೆ ಓಡಿದವನೇ). ಭಯದಿಂದಲೇ ಆಗಲಿ.

೧೯೬೨ರ ನವೆಂಬರ್. ಜರಗನಹಳ್ಳಿಯ ಸೀತಾಲಕ್ಷ್ಮಿಗೆ ಹತ್ತೊಂಬತ್ತು. ಗಂಡ ಮಿಲಿಟರಿಯಲ್ಲಿ ಲಾರಿ ಡ್ರೈವರ್. ಚೀನಾ ಗಡಿಗೆ ಹೋದವನಿಂದ ನಾಲ್ಕು ವಾರದಿಂದ ಕಾಗದವಿಲ್ಲ. ಇದ್ದಾನೋ ಇಲ್ಲವೋ ಎಂಬ ದಿಗಿಲು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಜಯನಗರದ ಹೆಂಗಸರ ಎಸ್ಸೆಸ್ಸೆಲ್ಸಿ ಕ್ಲಾಸಿಗೆ ಬರುತ್ತಾಳೆ.

೨
ಬೀಜಗಣಿತದ ಗಿರಿಜಾದೇವಿ ಟೀಚರು ಅವಳನ್ನು ಬೋರ್ಡಿನ ಹತ್ತಿರ ಕರೆದು, ಅಲ್ಲಿ ಬರೆದಿದ್ದನ್ನು ಗಟ್ಟಿಯಾಗಿ ಓದಲು ಹೇಳಿದರು.

'ವೆಂಕಟಾಚಲನು ಹೆಂಡತಿಗಿಂತ ಆರು ವರ್ಷ ದೊಡ್ಡವನು. ಐದು ವರ್ಷಗಳ ನಂತರ ಇಬ್ಬರ ವಯಸ್ಸಿನ ಮೊತ್ತ ಐವತ್ತನಾಲ್ಕು. ಅವನ ಈಗಿನ ವಯಸ್ಸೆಷ್ಟು?'

ಸೀತಾಲಕ್ಷ್ಮಿ ಬಾಯಿ ಬಿಡಲಿಲ್ಲ. ಅವಳ ಗಂಡನ ಹೆಸರೂ ವೆಂಕಟಾಚಲ. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆಂದು ಅತ್ತೆ ಬೈರಮ್ಮ ಮದುವೆಯ ದಿನವೇ ಹೇಳಿದ್ದರು. ಆಗ ಅವಳು ಒಳಗೊಳಗೇ ನಕ್ಕಿದ್ದಳು. ಈಗ ನಗು ಬರಲಿಲ್ಲ.

(ಲೆಕ್ಕದಲ್ಲಿನ ಹೆಸರು ಬದಲಾಯಿಸಿದರೆ ಆಗುತ್ತಿತ್ತಲ್ಲ ಎಂದಿರಾ? ರಾಮಪ್ರಸಾದ ಎಂದಿಟ್ಟು ಒಂದು ಡ್ರಾಫ್ಟ್ ಬರೆದೆ. ಪಟಪಟ ಓದಿ ಕೂತುಬಿಟ್ಟಳು, ಕಥೆಯೂ ಕೂತುಬಿಟ್ಟಿತು. ಹರಿದು ಹಾಕಿದೆ.)

"ಓದಮ್ಮ. ಇಲ್ಲಾಂದ್ರೆ ಪರೀಕ್ಷೆಗೆ ಕಳಿಸಲ್ಲ," ಎಂದರು ಟೀಚರು.

ಅವಳು ಬೋರ್ಡಿನ ಮೇಲಿದ್ದ ಹೆಸರಿನತ್ತ ಬೆರಳು ತೋರಿಸಿದಳು. "ಅವ್ರನ್ನ... ಎಕ್ಸ್ ಅನ್ಕೊಳ್ಳಿ ಮಿಸ್."

ಟೀಚರು ಹಿಗ್ಗಿದರು. "ನೋಡ್ರೇ, ಎಷ್ಟು ಚೆನ್ನಾಗಿ ಹಿಡಿದ್ಲು! ಗೊತ್ತಿಲ್ದೆ ಇರೋದಕ್ಕೆ ಎಕ್ಸ್ ಅನ್ನೋದೇ ಬೀಜಗಣಿತ. ಅವನ ವಯಸ್ಸು ಎಕ್ಸ್, ಹೆಂಡತೀದು ಎಕ್ಸ್ ಮೈನಸ್ ಆರು. ಇಬ್ಬರಿಗೂ ಐದೈದು ಸೇರಿಸಿ ಕೂಡು."

ಅವಳ ಸೀಮೆಸುಣ್ಣ ಬರೆಯಿತು: 2x + 4 = 54. ಆಮೇಲೆ, 2x = 50. ಅಲ್ಲಿಗೆ ನಿಂತಿತು.

೩
ಮುಕ್ತಾಯ ಒಂದು: ಕಾಗದ ಬರುತ್ತದೆ. (ತೀರಾ ಸಿನಿಮಾ.) ಮುಕ್ತಾಯ ಎರಡು: ತಂತಿ ಬರು—

"ಅದನ್ನ ಬರೀಬೇಡಿ ಸಾರ್!" ಸೀತಾಲಕ್ಷ್ಮಿ ನನ್ನ ಕೈ ಹಿಡಿದುಕೊಂಡಳು.

"ಹಾಗಾದ್ರೆ ಲೆಕ್ಕನಾದ್ರೂ ಮುಗಿಸಮ್ಮ. ಒಂದೇ ಸಾಲು ಬಾಕಿ. ನಾನೂ ಮನೆಗೆ ಹೋಗ್ತೀನಿ."

"ಮುಗಿಸಲ್ಲ. ಮುಗಿದ್ರೆ ಮಿಸ್ಸು ಬೋರ್ಡ್ ಒರೆಸ್ಬಿಡ್ತಾರೆ."

"ಒರೆಸಿದ್ರೇನೀಗ?"

"ಐದು ವರ್ಷ ಆದ್ಮೇಲೂ ಅವರಿರ್ತಾರೆ ಅಂತ ಅಲ್ಲೊಂದು ಕಡೆ ಮಾತ್ರ ಬರ್ದಿದೆ ಸಾರ್."

ನನಗೂ ಈಗ ಭಯವಾಗುತ್ತಿದೆ. ಅವಳು ಬೋರ್ಡಿಗೆ ಅಡ್ಡಲಾಗಿ ನಿಂತಿದ್ದಾಳೆ, ಟೀಚರು ಡಸ್ಟರ್ ಹಿಡಿದು ಕಾಯುತ್ತಿದ್ದಾರೆ. ಉತ್ತರ ಗೊತ್ತಿರುವವರು ದಯವಿಟ್ಟು ಕೂಗಬೇಡಿ.