ಡ್ರಿಲ್ ಮೇಷ್ಟ್ರ ಸಮೀಕರಣ

ಕೆ.ಆರ್. ಪೇಟೆಯ ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ಚಿಕ್ಕಸ್ವಾಮಿ ಮೇಷ್ಟ್ರು ಸೀಟಿ ಊದಿದರು. ಸಂತೆಬಾಚಹಳ್ಳಿ ಕಡೆಯಿಂದ ಬಂದಿದ್ದ ಅವರ ಹತ್ತನೇ ತರಗತಿಯ ಮಕ್ಕಳು ಪುಸ್ತಕ ಮುಚ್ಚಿ, ಅಭ್ಯಾಸಬಲದಿಂದ ಸಾಲಾಗಿ ನಿಂತರು. ಬೇರೆ ಶಾಲೆಯವರು ಕಿಸಕ್ಕನೆ ನಕ್ಕರು.

"ರಸಾಯನದ ಸಮೀಕರಣ ಸರಿದೂಗ್ಸಾದ್ನ ನಾನು ತಪ್ಪಾಗಿ ಏಳ್ಕೊಟ್ಟಿವ್ನಿ ಕಣ್ರಲಾ," ಎಂದರು ಮೇಷ್ಟ್ರು.

ಅವರು ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ವಿಜ್ಞಾನದ ಹುದ್ದೆ ತೊಂಬತ್ತೆರಡನೇ ಇಸವಿಯಿಂದ ಖಾಲಿ. ಹಾಳೂರಿಗೆ ಉಳಿದೋನೇ ಗೌಡ ಅಂತ ಆ ಪಾಠವೂ ಇವರ ತಲೆಗೇ ಬಿದ್ದಿತ್ತು. ಇವರಿಗೆ ಗೊತ್ತಿದ್ದದ್ದು ಕಬಡ್ಡಿ. ಬಾಣದ ಗುರುತಿನ ಎರಡೂ ಕಡೆ ಪರಮಾಣುಗಳೆಂಬ ಆಟಗಾರರು ಸಮ ಇರಬೇಕು, ಕಮ್ಮಿ ಬಿದ್ದ ಕಡೆ ಅಕ್ಷರದ ಕೆಳಗೆ ಪುಟ್ಟದಾಗಿ ಎರಡು ಅಂತ ಬರೆದರಾಯಿತು ಎಂದಿದ್ದರು. ವಿಜ್ಞಾನವೆಂದರೆ ಬೆವರುತ್ತಿದ್ದ ಕಬಡ್ಡಿ ರೈಡರ್ ಚಲುವರಾಜು ಕೂಡ ನೀರಿನ ಸಮೀಕರಣವನ್ನು ಹಾಗೆಯೇ ಬೋರ್ಡಿನ ಮೇಲೆ ಬರೆದು ಚಪ್ಪಾಳೆ ಗಿಟ್ಟಿಸಿದ್ದ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅದೇ ತರಗತಿಯ ಹೇಮಶ್ರೀಯ ಗೈಡು ತಿರುವಿ ಹಾಕುವಾಗ, ಅಂಕಿಯನ್ನು ಅಕ್ಷರದ ಕೆಳಗಲ್ಲ, ಮುಂದೆ ಬರೆದಿದ್ದು ಮೇಷ್ಟ್ರ ಕಣ್ಣಿಗೆ ಬಿತ್ತು.

"ನಿಂಗೆ ಮೊದ್ಲೇ ಗೊತ್ತಿತ್ತೇನವ್ವಾ?" ಎಂದು ಅವಳನ್ನು ಕೇಳಿದ್ದರು.

"ಊಂ ಸಾ. ಮೇಷ್ಟ್ರಿಗೆ ಎಂಗೆ ಏಳಾದು ಅಂತ..."

ಈಗ ಅವರು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕಡ್ಡಿ ಹಿಡಿದು ಮಣ್ಣಿನ ಮೇಲೆ ಗೀಚಿದರು. "ಕೆಳಗಿನ ಅಂಕಿ ಮುಟ್ಬ್ಯಾಡಿ. ಮುಟ್ಟುದ್ರೆ ನೀರು ನೀರಾಗಿರಕ್ಕಿಲ್ಲ, ಬೇರೇನೋ ಆಗೋಯ್ತದೆ. ಮುಂದ್ಗಡೆ ಬರೀರಿ. ಎರಡು ಎಚ್ ಟು, ಒಂದು ಓ ಟು. ಆ ಕಡೆ ಎರಡು ಎಚ್ ಟು ಓ."

ತಲೆ ಎಣಿಸಿದರು. ಚಲುವರಾಜು ಇರಲಿಲ್ಲ. ಗಂಟೆ ಹೊಡೆಯಿತು, ಮಕ್ಕಳು ಒಳಗೆ ಹೋದರು. ಗೇಟು ಮುಚ್ಚುವ ಹೊತ್ತಿಗೆ ಅವನು ಬಸ್ ಸ್ಟ್ಯಾಂಡಿನ ಕಡೆಯಿಂದ ಓಡಿಬಂದ.

"ಲೇ ಚಲುವಾ, ನಿಲ್ಲಲಾ!"

"ಲೇಟಾಯ್ತು ಸಾ!"

ಮೇಷ್ಟ್ರು ಸೀಟಿ ಬಾಯಿಗಿಟ್ಟರು. "ಪರೀಕ್ಷೆ ಸಾರ್, ಊದ್ಬ್ಯಾಡಿ," ಎಂದು ಪೊಲೀಸಿನವನು ಕೈ ಅಡ್ಡ ಹಿಡಿದ. ಪರೀಕ್ಷೆ ಮುಗಿಯುವ ತನಕ ಅವರು ಅದೇ ಹೊಂಗೆ ಮರದ ಕೆಳಗೆ ನಿಂತೇ ಇದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲಾರದೆ ಹೋದೆನಲ್ಲಾ ಎಂದು ತಮ್ಮ ಮೇಲೇ ಹೇಸಿಗೆಯಾಯಿತು.

ಎಲ್ಲರಿಗಿಂತ ಮೊದಲು ಹೊರಬಂದ ಚಲುವರಾಜು ನೇರ ಬಂದು ಅವರ ಕಾಲು ಮುಟ್ಟಿದ.

"ನೀರಿಂದೇ ಬಂದಿತ್ತು ಸಾ! ಬಾಕಿದು ಒಂದೂ ಗೊತ್ತಾಗ್ನಿಲ್ಲ. ಅದೊಂದ್ನ ಮಾತ್ರ ನೀವು ಏಳ್ಕೊಟ್ಟಂಗೇ ಬರ್ದಿವ್ನಿ. ಅದು ಗ್ಯಾರಂಟಿ."

ಮೇಷ್ಟ್ರ ಕೈ ಅವನ ತಲೆಯ ಮೇಲೇ ಉಳಿಯಿತು. ಹಿಂದೆ ಬಂದು ನಿಂತ ಹೇಮಶ್ರೀ ನೆಲ ನೋಡುತ್ತಿದ್ದಳು. ಮಣ್ಣಿನಲ್ಲಿ ಗೀಚಿದ್ದ ಅಂಕಿಗಳ ಮೇಲೆ ಚಲುವರಾಜುವಿನ ಹವಾಯಿ ಚಪ್ಪಲಿ ಇತ್ತು.