ಪೇಪರಿನ ಗಂಡ

ಸ್ಕಾರ್‌ಬರೋದ ಚಪಾತಿ ಫ್ಯಾಕ್ಟರಿಯಲ್ಲಿ ಬೆಲ್ಟಿನ ವೇಗ ಹೆಚ್ಚಿಸಿದ ವಾರದಲ್ಲೇ ಜಯಶೀಲಾಳ ಎರಡು ಬೆರಳು ರೋಲರಿಗೆ ಸಿಕ್ಕು ಹೋದವು. ನೆಲ ತೊಳೆದು ಅರ್ಧ ಗಂಟೆಯಲ್ಲಿ ಬೆಲ್ಟು ಮತ್ತೆ ಓಡಿತು. ಅವಳದೇ ಅಜಾಗರೂಕತೆ ಎಂದು ಮಾಲೀಕ ಬಸವಂತಪ್ಪ ಅವಳಿಂದಲೇ ಬರೆಸಿಕೊಂಡ. ಮರುದಿನ ಹೆಂಗಸರು ಯಾರೂ ಒಳಗೆ ಹೋಗಲಿಲ್ಲ. ಬೆಲ್ಟು ಮೊದಲಿನ ವೇಗಕ್ಕೆ ಬರುವವರೆಗೆ ಗೇಟಿನ ಹೊರಗೇ ಎಂದರು. ಹನ್ನೊಂದು ದಿನ ಹಿಮದಲ್ಲಿ ನಿಂತು ಬೂಟಿನೊಳಗೆ ಕಾಲು ಕೊರಡಾದವು. ಆರು ವರ್ಷ ಕಾವಲಿಯ ಮುಂದೆ ಬೆಂದವಳಿಗೆ ಈ ಥಂಡಿ ಏನು ಮಹಾ ಎಂದು ಗುರುಬಸವ್ವ ಉಳಿದವರಿಗೆ ಧೈರ್ಯ ಹೇಳುತ್ತಿದ್ದಳು. ಹಾವೇರಿ ಕಡೆಯವಳು, ಗಂಡ ಸತ್ತ ಮೇಲೆ ಮಗಳ ಹಿಂದೆ ಈ ದೇಶಕ್ಕೆ ಬಂದವಳು.

ಬಸವಂತಪ್ಪ ತನ್ನ ಕಡೆಯ ಕನ್ನಡದವರನ್ನೇ ಹುಡುಕಿ ಕೆಲಸಕ್ಕಿಟ್ಟಿದ್ದ. ಅವರು ಎದುರಾಡುವುದಿಲ್ಲ ಎಂಬ ಧೈರ್ಯ. ಬಹಳ ಮಂದಿಗೆ ಇಂಗ್ಲಿಷ್ ಓದಲು ಬಾರದು. ಅವರು ಓದುವುದು ಒಂದೇ: ಶ್ರೀಕಾಂತ ಎಂಬುವವನು ಅಚ್ಚು ಹಾಕಿ ಕಿರಾಣಿ ಅಂಗಡಿಗಳಲ್ಲಿ ಪುಕ್ಕಟೆ ಇಡುವ ಕನ್ನಡ ವಾರಪತ್ರಿಕೆ. ಶನಿವಾರ ಅದರ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬಂತು: ‘ಲಟ್ಟಣಿಗೆ ಕ್ರಾಂತಿ ಮುಕ್ತಾಯ’. ಹೆಂಗಸರು ತಪ್ಪೊಪ್ಪಿಕೊಂಡರಂತೆ, ಸೋಮವಾರ ಎಲ್ಲರೂ ಕೆಲಸಕ್ಕಂತೆ. ಚಹಾಕ್ಕೆ ಸಾಲು ನಿಂತ ಇವರದೇ ಫೋಟೋ. ಕೆಳಗೆ, ‘ಒಳಗೆ ಸೇರಿಸಿಕೊಳ್ಳಿ ಎಂದು ಕಾದಿರುವ ಮಹಿಳೆಯರು’. ಜಯಶೀಲಾಳ ಬೆರಳಿನ ಸುದ್ದಿ ಒಂದಕ್ಷರವಿಲ್ಲ. ಕೊನೆಯ ಪುಟ ಪೂರ್ತಿ ಬಸವಂತಪ್ಪನ ಚಪಾತಿಯ ಜಾಹೀರಾತು.

ಸಂಜೆಯೊಳಗೆ ಗುರುಬಸವ್ವನಿಗೆ ಫೋನುಗಳು ಸುರುವಾದವು. ಎಲ್ಲರೂ ಹೋಗುವಾಗ ತಾವಷ್ಟೇ ಯಾಕೆ ನಿಲ್ಲಬೇಕು ಎಂದು ಕೇಳುವವರೇ ಎಲ್ಲ. ಲೀಲಮ್ಮ ಆಗಲೇ ಸೋಮವಾರಕ್ಕೆಂದು ಏಪ್ರನ್ ಒಗೆದು ಒಣಹಾಕಿದ್ದಳು. ತಾನಂತೂ ಒಪ್ಪಿಕೊಂಡಿಲ್ಲ, ಉಳಿದವರು ಒಪ್ಪಿಕೊಂಡಿರಬೇಕು, ಅಚ್ಚಾದದ್ದು ಸುಳ್ಳಾಗುತ್ತದೆಯೇ ಎಂಬುದು ಅವಳ ವಾದ. ಸೋಮವಾರ ಹತ್ತು ಜನ ಒಳಗೆ ಹೋದರೂ ಮುಷ್ಕರ ಮುಗಿಯಿತೆಂದು ಗುರುಬಸವ್ವನಿಗೆ ಗೊತ್ತಿತ್ತು.

ಭಾನುವಾರ ಕಮ್ಯುನಿಟಿ ಹಾಲಿನಲ್ಲಿ ಅರಿಶಿನ ಕುಂಕುಮ. ಎಲ್ಲರೂ ಬಂದಿದ್ದರು. ಶ್ರೀಕಾಂತನೂ ಕ್ಯಾಮೆರಾ ಹಿಡಿದು ಬಂದಿದ್ದ. ಹಾಡು ಮುಗಿದು, ಪ್ರಾಸದ ಸಾಲುಗಳ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಸರದಿ ಬಂತು. ವಿಧವೆಯನ್ನು ಯಾರೂ ಕರೆಯುವುದಿಲ್ಲ. ಗುರುಬಸವ್ವ ತಾನೇ ಎದ್ದಳು. ಕುಂಕುಮದ ತಟ್ಟೆ ಹಿಡಿದವಳು ಇದ್ದಲ್ಲೇ ನಿಂತಳು.

“ನನ್ನ ಗಂಡ ಮಣ್ಣಿಗೆ ಹೋಗ್ಯಾನ್ರವಾ,” ಎಂದಳು. “ಶ್ರೀಕಾಂತಪ್ಪನ ಪೇಪರ್ ಐತೆಲ್ಲ, ಅದರ ಗಂಡನ ಹೆಸರ ಹೇಳ್ತೀನಿ. ಪಾಪ, ಅದಕ್ಕ ನಾಚಿಕಿ.”

ಮೊದಲ್ನೇ ಪುಟದಾಗ ಸುಳ್ಳಿನ ಹೂರಣ ತುಂಬೀನಿ,
ಕಡೀ ಪುಟದಾಗ ಜಾಹೀರಾತಿನ ತಾಳಿ ಕಟ್ಟಿಸ್ಕೊಂಡೀನಿ,
ಜಯಶೀಲಾನ ಬೆರಳು ಹೋದ್ರ ಬಾಯಿ ಮುಚ್ಚಿ ಕುಂತೀನಿ,
ಬಸವಂತಪ್ಪನ ಹೆಸರ ಹೇಳಿ ಮಸಿ ಕಲಸಾಕ ನಿಂತೀನಿ.

ಶ್ರೀಕಾಂತ ಮೈಸೂರಿನವನು. ಒಡಪಿನ ರೀತಿ ತಿಳಿಯದೆ ತಾನೊಬ್ಬನೇ ಚಪ್ಪಾಳೆ ಹೊಡೆದ. ಅಲ್ಲಿಂದ ನಗು ಹಬ್ಬಿತು. ಅರ್ಥವಾದಾಗ ಅವನ ಮುಖ ಕೆಂಪೇರಿತು.

“ಏನಮ್ಮ ಇದು? ಡಿಫಮೇಶನ್ ಆಗತ್ತೆ. ಲಾಯರ್ ಹತ್ರ ಹೋಗ್ತೀನಿ.”

“ಹೋಗ್ರಿ. ಆದ್ರ ಅಲ್ಲೆ ಈ ಒಡಪ ನೀವ ಓದಿ ಹೇಳಬೇಕಾಕೈತಿ. ರಾಗ ತಪ್ಪಬ್ಯಾಡ್ರಿ.”

ಲೀಲಮ್ಮ ನಗಲಿಲ್ಲ. ಎದ್ದು ಅವನ ಹತ್ತಿರ ಬಂದಳು. “ಆ ಫೋಟೋದಾಗ ನನ್ನ ಕೈಯಾಗ ಚಾದ ಕಪ್ ಇತ್ತಲ್ರಿ. ಅದನ್ಯಾಕ ಕತ್ತರಿಸಿದ್ರಿ?”

“ಜಾಗ ಇರ್ಲಿಲ್ಲಮ್ಮ,” ಎಂದ ಶ್ರೀಕಾಂತ.

ಸೋಮವಾರ ಅವನು ಕೆಲಸಕ್ಕೆ ಮರಳುವವರ ಫೋಟೋ ತೆಗೆಯಲು ಫ್ಯಾಕ್ಟರಿಗೆ ಬಂದ. ಮರಳುವವರೇ ಇರಲಿಲ್ಲ. ಒಳಗಿನಿಂದ ಬಸವಂತಪ್ಪ ಕೈ ಬೀಸಿ ಅವನನ್ನು ಕರೆಯುತ್ತಿದ್ದ. ಹೆಂಗಸರು ತೋಳಿಗೆ ತೋಳು ಕೂಡಿಸಿ ಗೇಟಿಗೆ ಅಡ್ಡ ನಿಂತಿದ್ದರು. ಹೊಸ ಮದುಮಗಳನ್ನು ನಾದಿನಿಯರು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳುವತನಕ ಒಳಗೆ ಬಿಡುವುದಿಲ್ಲವಲ್ಲ, ಹಾಗೆ.

“ದಾರಿ ಬಿಡಿ,” ಎಂದ ಶ್ರೀಕಾಂತ.

ಲೀಲಮ್ಮ ಜಯಶೀಲಾಳ ಬ್ಯಾಂಡೇಜಿನ ಕೈಯನ್ನು ತನ್ನ ತೋಳಿಗೆ ಬಿಗಿಯಾಗಿ ಸೇರಿಸಿಕೊಂಡಳು.

“ಹೆಸರ ಹೇಳ್ರಿ,” ಎಂದಳು. “ಬಿಡ್ತೀವಿ.”